ಅನಾನಸ್ ಸೀಗಡಿ ಫ್ರೈಡ್ ರೈಸ್: ಹಣ್ಣು ಯಾವಾಗ ಹಾಕಬೇಕು?

ಪ್ರಶ್ನೆ: ಕ್ಯಾಂಟನೀಸ್ (ದಕ್ಷಿಣ ಚೀನಾದ) ಥರ ಸೀಗಡಿ, ಬೊಂಡಾಸ್ (ಸ್ಕ್ವಿಡ್), ಅನಾನಸ್ ಹಾಕಿ ಫ್ರೈಡ್ ರೈಸ್ ಮಾಡಬೇಕು ಅಂತಿದ್ದೇನೆ. ಹಣ್ಣಿನ ನೀರಿಗೆ ಅನ್ನ ಮುದ್ದೆ ಆಗಲ್ವಾ? ಸೋನಾ ಮಸೂರಿ ನಡೆಯುತ್ತದಾ?

ಉತ್ತರ 1: ನಡೆಯುತ್ತದೆ. ನೀರು ಕಡಿಮೆ ಇಟ್ಟು ಬೇಯಿಸಿ, ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಮುಚ್ಚಿ ರಾತ್ರಿಯಿಡೀ ಫ್ರಿಜ್‌ನಲ್ಲಿಡಿ. ಅನಾನಸ್ ಚೂರುಗಳ ರಸ ಬಸಿದು, ಜೋರು ಉರಿಯಲ್ಲಿ ಬೇರೆಯಾಗಿ ಹುರಿದು, ಕೊನೆಗೆ ಸೇರಿಸಿ. ಹಸಿ ಹಣ್ಣಿನ ಜೊತೆ ಸೀಗಡಿ ನೆನೆಸಲೇಬೇಡಿ, ಅದರಲ್ಲಿರುವ ಬ್ರೊಮೆಲೈನ್ ಎಂಬ ಪ್ರೋಟೀನ್ ಒಡೆಯುವ ಕಿಣ್ವ ಸೀಗಡಿಯನ್ನು ಮೆತ್ತಗೆ ಹಿಟ್ಟು ಮಾಡಿಬಿಡುತ್ತದೆ.

ಉತ್ತರ 2: ಸೀಗಡಿಗೆ ಉಪ್ಪು, ಬಿಳಿ ಮೆಣಸಿನ ಪುಡಿ, ಚೂರು ಕಾರ್ನ್‌ಫ್ಲೋರ್ ಸವರಿ ಹುರಿದು ತೆಗೆದಿಡಿ. ಬೊಂಡಾಸ್ ಒಂದು ನಿಮಿಷ ಸಾಕು, ಜಾಸ್ತಿ ಆದರೆ ರಬ್ಬರೇ. ಸೋಯಾ ಸಾಸ್ ಸುಮ್ನೆ ಸುರಿಯಬೇಡಿ, ಕ್ಯಾಂಟನೀಸ್ ಅಡುಗೆಯಲ್ಲಿ ಸೀಗಡಿಯ ಸ್ವಂತ ರುಚಿಯೇ ಮುಖ್ಯ ಅಲ್ವಾ.

ಉತ್ತರ 3: ಒಂದು ಸಲಕ್ಕೆ ಇಬ್ಬರಿಗಾಗುವಷ್ಟೇ ಮಾಡಿ. ಬಾಣಲೆ ತುಂಬಿದರೆ ಅನ್ನ ಹುರಿಯುವುದಿಲ್ಲ, ಹಬೆಯಲ್ಲಿ ಬೇಯುತ್ತದೆ.