ಹಾಟ್‌ಪ್ಲಗ್ ಪತ್ತೆಗೆ ಕನ್ನಡದಲ್ಲಿ ಏನೆನ್ನೋಣ? ಇಂದು ಸಂಜೆಯೊಳಗೆ ಬೇಕು

ಮಂಗಳೂರಿನಿಂದ:

ಎಲ್ಲರಿಗೂ ನಮಸ್ಕಾರ. ಇಲ್ಲಿನ ಒಂದು ಡಿಪ್ಲೊಮಾ ಪ್ರಯೋಗಾಲಯಕ್ಕಾಗಿ ಲಿನಕ್ಸ್ ಡ್ರೈವರ್‌ಗಳ (ಸಾಧನಗಳನ್ನು ನಡೆಸುವ ತಂತ್ರಾಂಶಗಳ) ದೋಷಪತ್ತೆಯ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಪುಟಗಳು ಇಂದು ಸಂಜೆ ಅಚ್ಚಿಗೆ ಹೋಗುತ್ತವೆ. ಮೇಜಿಗೆ ಅಂಟಿಸುವ ಒಂದು ಸೂಚನಾಫಲಕವೂ ಜೊತೆಗಿದೆ. ಹಿಂದಿನ ಕರಡಿನಲ್ಲಿ ಹಾಟ್‌ಪ್ಲಗ್‌ಗೆ, ಎಂದರೆ ಯಂತ್ರ ನಡೆಯುತ್ತಿರುವಾಗಲೇ ಸಾಧನವನ್ನು ಸಿಕ್ಕಿಸುವುದಕ್ಕೆ, "ಬಿಸಿ ಜೋಡಣೆ" ಎಂದಿದೆ. ಓದಿದವರಿಗೆ ಪೋರ್ಟ್ ಕಾದಿದೆ ಎಂಬ ಅರ್ಥ ಬರುತ್ತದೆ. ನನ್ನ ವಾಕ್ಯ ಇದು (ಹಬ್ ಎಂದರೆ ಹಲವು ಪೋರ್ಟ್‌ಗಳನ್ನು ನೋಡಿಕೊಳ್ಳುವ ಘಟಕ):

"ಯುಎಸ್‌ಬಿ ಸಾಧನವನ್ನು ಹಾಟ್‌ಪ್ಲಗ್ ಮಾಡಿದಾಗ ಹಬ್ ಡ್ರೈವರ್ ಪೋರ್ಟಿನ ಸ್ಥಿತಿ ಬದಲಾದುದನ್ನು ಗುರುತಿಸಬೇಕು."

ಮುಂದಿನ ಅಧ್ಯಾಯದಲ್ಲಿ ಕೋಲ್ಡ್‌ಪ್ಲಗ್, ಎಂದರೆ ಯಂತ್ರ ಏಳುವ ಮೊದಲೇ ಸಾಧನವನ್ನು ಸಿಕ್ಕಿಸಿಟ್ಟಿರುವುದು, ಬರುತ್ತದೆ. ಆದುದರಿಂದ ಜೋಡಿಯಾಗಿ ನಿಲ್ಲುವ ಎರಡು ಪದಗಳು ಬೇಕು.

ಉಡುಪಿಯಿಂದ:

"ಬಿಸಿ"ಯನ್ನು ಬಿಡಬೇಡಿ. "ಬಿಸಿಸಂಯೋಜನೆ" ಎಂದರೆ ಕನ್ನಡ, ಸಂಸ್ಕೃತ ಬೆರೆತ ಅರಿಸಮಾಸ, ಅದು ಬೇಡ. "ಉಷ್ಣಸಂಯೋಜನೆ" ವ್ಯಾಕರಣಕ್ಕೆ ಸರಿ, ಕಿವಿಗೆ ಸರಿಯಲ್ಲ. ಬೆಸೆ ಎಂಬ ಧಾತು ಇರುವಾಗ ಇವೆರಡೂ ಏಕೆ? ಬಿಸಿ, ಬಿಸಿಲು, ಬೆಸುಗೆ ಇವೆಲ್ಲ ಒಂದೇ ಬೇರಿನವು ಎಂದು ನಾನು ಬಹಳ ಕಾಲದಿಂದ ವಾದಿಸುತ್ತ ಬಂದಿದ್ದೇನೆ. ಕಾಯಿಸದೆ ಬೆಸೆಯಲಾಗದು. ಹಾಟ್ ಮತ್ತು ಪ್ಲಗ್ ಎರಡೂ "ಬೆಸುಗೆ" ಎಂಬ ಒಂದೇ ಪದದಲ್ಲಿ ಅಡಗಿವೆ. ತುಳುವಿನ "ಬೆಚ್ಚ"ವನ್ನೂ ಇದರೊಡನೆ ಇಟ್ಟು ನೋಡಿ.

ಮಣಿಪಾಲದಿಂದ:

> ಎರಡೂ "ಬೆಸುಗೆ" ಎಂಬ ಒಂದೇ ಪದದಲ್ಲಿ ಅಡಗಿವೆ

ಆಗದು. ಬೆಸೆದದ್ದು ಕೈಯಿಂದ ಎಳೆದರೆ ಬರುವುದಿಲ್ಲ. ಹಾಟ್‌ಪ್ಲಗ್‌ನ ಅರ್ಧ ಜೀವ ಇರುವುದು ಎಳೆದು ತೆಗೆಯುವುದರಲ್ಲಿ. ಸಾಲದ್ದಕ್ಕೆ ಅದೇ ಕೈಪಿಡಿಯಲ್ಲಿ ಬೋರ್ಡಿನ ಬೆಸುಗೆ ಬಿರುಕು ಬಿಟ್ಟರೆ ಏನು ಮಾಡಬೇಕೆಂಬ ಪುಟವೂ ಇರುತ್ತದೆ. ಒಂದೇ ಪದ ಎರಡು ಕಡೆ ಬಂದರೆ ಹುಡುಗರು ಬೆಸುಗೆಯ ಕಾದ ಕಡ್ಡಿಯನ್ನು ಎಲ್ಲಿಗೆ ಹಿಡಿಯಬೇಕು?

ಇಲ್ಲಿ ಹಾಟ್ ಎಂದರೆ ಶಾಖವಲ್ಲ, ವಿದ್ಯುತ್ ಹರಿಯುತ್ತಿರುವ, ಕೆಲಸ ನಡೆಯುತ್ತಿರುವ ಸ್ಥಿತಿ. ಪದ ಕಟ್ಟುವ ಮೊದಲು ಕ್ರಿಯೆಯನ್ನು ನೋಡೋಣ. ಯುಎಸ್‌ಬಿ 2.0ರಲ್ಲಿ ಹಬ್ಬಿನ ಕಡೆ ಡಿ ಪ್ಲಸ್, ಡಿ ಮೈನಸ್ ಎಂಬ ಎರಡೂ ದತ್ತಾಂಶ ತಂತಿಗಳ ವೋಲ್ಟೇಜನ್ನು 15 ಕಿಲೋಓಮ್ ರೋಧಕಗಳು ಕೆಳಕ್ಕೆ ಎಳೆದಿಟ್ಟಿರುತ್ತವೆ. ಸಾಧನವನ್ನು ಸಿಕ್ಕಿಸಿದೊಡನೆ ಅದರೊಳಗಿನ 1.5 ಕಿಲೋಓಮ್ ರೋಧಕ ಒಂದು ತಂತಿಯನ್ನು ಮೇಲಕ್ಕೆ ಎಳೆಯುತ್ತದೆ. ಡಿ ಪ್ಲಸ್ ಮೇಲೆದ್ದರೆ ಫುಲ್ ಸ್ಪೀಡ್, ಡಿ ಮೈನಸ್ ಮೇಲೆದ್ದರೆ ಲೋ ಸ್ಪೀಡ್. ಹಬ್ "ನನ್ನ ಇಂಥ ಪೋರ್ಟ್ ಬದಲಾಗಿದೆ" ಎಂದು ವರದಿ ಮಾಡುತ್ತದೆ. ಡ್ರೈವರ್ ಅದನ್ನು ತಕ್ಷಣ ನಂಬುವುದಿಲ್ಲ. ಲೋಹದ ತುದಿಗಳು ತಾಗಿ, ಬಿಟ್ಟು, ಮತ್ತೆ ತಾಗುತ್ತವೆ. ಸಂಪರ್ಕ 100 ಮಿಲಿಸೆಕೆಂಡ್ ಅಲುಗಾಡದೆ ನಿಂತ ಮೇಲೆಯೇ ಪೋರ್ಟನ್ನು ರೀಸೆಟ್ ಮಾಡಿ, ವಿಳಾಸ ಕೊಟ್ಟು, ಸಾಧನ ಯಾವುದೆಂದು ಕೇಳುತ್ತದೆ. ನಮ್ಮ ಕಡಲ ತೀರದ ಉಪ್ಪುಗಾಳಿಯಲ್ಲಿ ಕಿಲುಬು ಹಿಡಿದ ಪೋರ್ಟ್ ಈ ಹಂತವನ್ನೇ ದಾಟದೆ ಸತಾಯಿಸಬಹುದು.

ಅಲ್ಲಿಂದ ಮುಂದೆ ಲಿನಕ್ಸ್‌ನ ತಿರುಳಾದ ಕರ್ನೆಲ್ ತನ್ನಲ್ಲಿರುವ ಡ್ರೈವರ್‌ಗಳ ಪೈಕಿ ಹೊಂದುವುದನ್ನು ಹುಡುಕುತ್ತದೆ, ಸಾಧನಗಳ ಹೆಸರು, ಅನುಮತಿಗಳನ್ನು ನೋಡಿಕೊಳ್ಳುವ ಯುಡೆವ್‌ಗೆ ಸುದ್ದಿ ಕಳುಹಿಸುತ್ತದೆ. ದೋಷ ಹುಡುಕುವವನು ಇದೇ ದಾರಿಯಲ್ಲಿ ನಡೆಯಬೇಕು. ಕರ್ನೆಲ್ ದಾಖಲೆಯಲ್ಲಿ (ಲಾಗ್) ಒಂದು ಸಾಲೂ ಇಲ್ಲವೇ? ಕೇಬಲ್, ಪೋರ್ಟ್, ಅಥವಾ ವಿದ್ಯುತ್ ಉಳಿಸಲು ನಿದ್ದೆಗೆ ಜಾರಿದ ಹಬ್ಬನ್ನು ನೋಡಿ. ಸಾಧನದ ಹೆಸರು ಬಂದಿದೆ, ಡ್ರೈವರ್ ಅಂಟಿಕೊಂಡಿಲ್ಲವೇ? ಡ್ರೈವರ್‌ನ ಗುರುತುಪಟ್ಟಿಯಲ್ಲಿ ಆ ತಯಾರಕ ಸಂಖ್ಯೆ ಇದೆಯೇ ನೋಡಿ. ಡ್ರೈವರ್ ಬಂದಿದೆ, ಸಾಧನದ ಕಡತಕ್ಕೆ ಬೇಕಾದ ಅಡ್ಡಹೆಸರೋ ಅನುಮತಿಯೋ ಸಿಕ್ಕಿಲ್ಲವೇ? ಯುಡೆವ್ ನಿಯಮಗಳನ್ನು ತೆರೆಯಿರಿ. ಯುಡೆವ್‌ನ ಮಾನಿಟರ್ ಆದೇಶ ಕರ್ನೆಲ್ ಕೊಟ್ಟ ಸುದ್ದಿಯನ್ನೂ ಯುಡೆವ್ ಸಂಸ್ಕರಿಸಿದ ಸುದ್ದಿಯನ್ನೂ ಬೇರೆ ಬೇರೆಯಾಗಿ ತೋರಿಸುವುದರಿಂದ ಕೊಂಡಿ ಎಲ್ಲಿ ಕಡಿದಿದೆ ಎಂಬುದು ಅಲ್ಲಿಯೇ ತಿಳಿಯುತ್ತದೆ. ಕಳಚುವುದು ಇನ್ನೂ ಕಷ್ಟ. ಪ್ರೋಗ್ರಾಂ ಒಂದು ಕಡತವನ್ನು ತೆರೆದಿಟ್ಟುಕೊಂಡಿರುವಾಗಲೇ ಸಾಧನ ಮಾಯವಾಗುತ್ತದೆ. ಡ್ರೈವರ್ ಆ ಸಾಧನಕ್ಕೆಂದು ಇಟ್ಟ ಸ್ಮೃತಿಯನ್ನು (ಮೆಮೊರಿ) ಬೇಗ ಬಿಟ್ಟುಕೊಟ್ಟರೆ ಇಡೀ ಯಂತ್ರವೇ ನಿಂತೀತು. ಪಿಸಿಐ ಎಕ್ಸ್‌ಪ್ರೆಸ್ ಕಾರ್ಡನ್ನು ಕಿತ್ತ ಮೇಲೆ ಅದರ ಸ್ಥಿತಿ ಹೇಳುವ ರಿಜಿಸ್ಟರ್ ಓದಿದರೆ ಎಲ್ಲ ಬಿಟ್‌ಗಳೂ 1 ಎಂದೇ ಬರುತ್ತವೆ. ಅದನ್ನು ನಿಜವಾದ ಉತ್ತರವೆಂದು ನಂಬಿದ ಡ್ರೈವರ್ ದಾರಿ ತಪ್ಪುತ್ತದೆ.

ಕೋಲ್ಡ್‌ಪ್ಲಗ್‌ನಲ್ಲಿಯೂ ತಂಪು ಎಂಬುದಿಲ್ಲ. ಯಂತ್ರ ಏಳುವ ಮೊದಲೇ ಸಿಕ್ಕಿಸಿದ್ದ ಸಾಧನಗಳ ಸುದ್ದಿ ಯುಡೆವ್ ಎಚ್ಚರಗೊಳ್ಳುವ ಮುನ್ನವೇ ಹಾದುಹೋಗಿರುತ್ತದೆ. ಅದನ್ನು ಮತ್ತೊಮ್ಮೆ ಹೊರಡಿಸಬೇಕಾಗುತ್ತದೆ. ವ್ಯತ್ಯಾಸವಿರುವುದು ಕಾಲದಲ್ಲಿ, ಆದ್ದರಿಂದ ಪದವೂ ಕಾಲವನ್ನೇ ಹೇಳಲಿ: "ಚಾಲೂ ಜೋಡಣೆ", "ಪೂರ್ವ ಜೋಡಣೆ". ತೆಗೆಯುವುದಕ್ಕೆ "ಚಾಲೂ ಕಳಚುವಿಕೆ".

ಪುತ್ತೂರಿನಿಂದ:

"ಚಾಲೂ" ಕನ್ನಡವೇ? "ಪೂರ್ವ" ಕನ್ನಡವೇ? ಒಂದು ಹಿಂದಿಯಿಂದ, ಒಂದು ಸಂಸ್ಕೃತದಿಂದ. "ಪತ್ತೆ"ಯ ಮೂಲವನ್ನೂ ಯಾರೂ ಕೇಳಲಿಲ್ಲ. "ಓಡುಕೂಡಿಕೆ", "ಮುಂಗೂಡಿಕೆ" ಎನ್ನಿ. ಪತ್ತೆಗೆ "ಅರಿಕೆ" ಇದೆ. ನಮ್ಮ ಧಾತುಗಳಿಂದ ಕಟ್ಟಿದ ಪದ ಹತ್ತು ಪದಗಳನ್ನು ಹೆರುತ್ತದೆ: ಕೂಡು, ಕೂಡಿಕೆ, ಕೂಡಿಸು, ಕೂಡಿಸುಗ. "ಹಾಟ್‌ಪ್ಲಗ್" ಇನ್ನೊಂದು ಪದವನ್ನು ಕೊಟ್ಟೀತೇ? ಎರವಲು ತಂದ ಪ್ರತಿ ಪದವೂ ಒಂದು ಧಾತುವನ್ನು ಮೂಲೆಗೆ ತಳ್ಳುತ್ತದೆ.

ಮಣಿಪಾಲದಿಂದ:

"ಅರಿಕೆ" ಎಂದರೆ ಓದುವವರಿಗೆ ವಿನಂತಿ. ಕೈಬಿಡಿ.

ಕುಂದಾಪುರದಿಂದ:

> ಎರವಲು ತಂದ ಪ್ರತಿ ಪದವೂ ಒಂದು ಧಾತುವನ್ನು ಮೂಲೆಗೆ ತಳ್ಳುತ್ತದೆ

ಕರಾವಳಿಯಲ್ಲಿ ಕುಳಿತು ಇದನ್ನು ಬರೆಯಬಾರದು. ಚಾವಿ ಪೋರ್ಚುಗೀಸರದು, ಬಟಾಟೆ ಅವರದೇ, ಪಾದ್ರಿಯೂ ಅವರದೇ. ಇವುಗಳಿಂದ ಯಾವ ಧಾತು ಸತ್ತಿತು? ಚಾವಿಯಿಂದ ತೆರೆಯುತ್ತೇವೆ, ಮುಚ್ಚುತ್ತೇವೆ, ಕ್ರಿಯಾಪದ ನಮ್ಮದೇ. ಕಿಟ್ಟೆಲ್‌ರ ನಿಘಂಟು 1894ರಲ್ಲಿ ಅಚ್ಚಾದದ್ದು ಇದೇ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ. ಹೊರಗಿನಿಂದ ಬಂದ ಪದಗಳಿಗೂ ಅದರಲ್ಲಿ ಜಾಗವಿದೆ. ನನ್ನ ಮಾತು ಇಷ್ಟೇ: ನಾಮಪದ ಬಂದರೆ ಬರಲಿ, ಕ್ರಿಯಾಪದವನ್ನು ಬಿಟ್ಟುಕೊಡಬೇಡಿ. "ಹಾಟ್‌ಪ್ಲಗ್ ಮಾಡಿದಾಗ" ಎಂಬ ಆ "ಮಾಡು" ನನಗೆ ನೋವು ಕೊಡುತ್ತದೆ. ಸಿಕ್ಕಿಸು, ಜೋಡಿಸು, ಕಳಚು, ಕೀಳು ಎಂಬ ಇಷ್ಟು ಮಾತುಗಳು ಇರುವಾಗ ಎಲ್ಲದಕ್ಕೂ "ಮಾಡು" ಹಚ್ಚುವುದೇ ನಿಜವಾದ ಬಡತನ.

ಉಡುಪಿಯಿಂದ:

ಕ್ರಿಯಾಪದದ ಮಾತಿಗೆ ನನ್ನ ಒಪ್ಪಿಗೆಯಿದೆ. ಬೆಸುಗೆಯನ್ನು ಹಿಂತೆಗೆದುಕೊಳ್ಳುತ್ತಿಲ್ಲ. "ಓಡುಕೂಡಿಕೆ" ಗಮಕ ಸಮಾಸದ ಬಾಗಿಲಿನಿಂದ ಒಳಗೆ ಬರಬಹುದು, ಆದರೆ ಅದನ್ನು ಕೇಳಿದವನು ಓಡುತ್ತ ಕೂಡುವುದು ಎಂದುಕೊಳ್ಳುತ್ತಾನೆ, ಓಡುತ್ತಿರುವುದಕ್ಕೆ ಕೂಡುವುದು ಎಂದಲ್ಲ.

ಪುತ್ತೂರಿನಿಂದ:

"ಚಾಲೂ ಜೋಡಣೆ"ಯಲ್ಲಿ ಆ ತೊಡಕು ಇಲ್ಲವೇ? ಚಾಲೂ ಆಗಿರುವುದು ಜೋಡಣೆಯೋ, ಯಂತ್ರವೋ? ನನ್ನ ಪದಕ್ಕೆ ಮಾತ್ರ ಈ ಅಳತೆಗೋಲು ಏಕೆ?

ಮಂಗಳೂರಿನಿಂದ:

ಪುತ್ತೂರಿನವರ ಪ್ರಶ್ನೆ ನ್ಯಾಯವಾದದ್ದು. ಫಲಕದಲ್ಲಿ ಪದವನ್ನೇ ಬಿಟ್ಟು ವಾಕ್ಯ ಹಾಕುತ್ತೇನೆ: "ಯಂತ್ರ ಚಾಲೂ ಇರುವಾಗ ನೀಲಿ ಗುರುತಿನ ಪೋರ್ಟ್‌ಗಳಲ್ಲಿ ಮಾತ್ರ ಸಾಧನವನ್ನು ಜೋಡಿಸಬಹುದು, ಕಳಚಬಹುದು." ಕೈಪಿಡಿಯಲ್ಲಿ ಮೊದಲ ಬಾರಿ "ಹಾಟ್‌ಪ್ಲಗ್, ಎಂದರೆ ಚಾಲೂ ಜೋಡಣೆ" ಎಂದು ಬರುತ್ತದೆ, ಆಮೇಲೆ "ಚಾಲೂ ಜೋಡಣೆ" ಎಂದಷ್ಟೇ. ಕೋಲ್ಡ್‌ಪ್ಲಗ್‌ಗೆ "ಪೂರ್ವ ಜೋಡಣೆ". "ಮಾಡಿದಾಗ" ಎಂಬುದನ್ನು ಎಲ್ಲ ಕಡೆ ತೆಗೆದಿದ್ದೇನೆ. ವಾಕ್ಯ ಈಗ ಹೀಗಿದೆ: "ನಡೆಯುತ್ತಿರುವ ಯಂತ್ರಕ್ಕೆ ಯುಎಸ್‌ಬಿ ಸಾಧನವನ್ನು ಸಿಕ್ಕಿಸಿದಾಗ ಹಬ್ ಡ್ರೈವರ್ ಪೋರ್ಟಿನ ಸ್ಥಿತಿ ಬದಲಾದುದನ್ನು ಗುರುತಿಸಬೇಕು."

ಉಳಿದಿರುವುದು ಒಂದೇ. ಆ 100 ಮಿಲಿಸೆಕೆಂಡ್ ಕಾಯುವ ಹಂತಕ್ಕೆ, ಎಂದರೆ ಡಿಬೌನ್ಸ್‌ಗೆ, "ನೆಲೆಗೊಳ್ಳುವಿಕೆ" ಎಂದು ಹಾಕಿದ್ದೇನೆ. ಬೇಡವೆನ್ನುವವರು ಆರು ಗಂಟೆಯೊಳಗೆ ಬೇರೆ ಪದದೊಡನೆ ಬರೆಯಿರಿ.