1908ರ ಪತ್ರಿಕೆಗಳು ಸಂಘರ್ಷವನ್ನು ಹೇಗೆ ಬರೆದವು?

ಹಳೇಪುಟ:
ಬಂಗಾಳ ವಿಭಜನೆಯ ನಂತರದ ವರ್ಷಗಳ ಪತ್ರಿಕೆಗಳ ಬಗ್ಗೆ ಓದುತ್ತಿದ್ದೇನೆ. ಒಂದೇ ಘಟನೆ ಒಂದು ಪತ್ರಿಕೆಯಲ್ಲಿ ನಾಲ್ಕು ಪುಂಡರ ಕೆಲಸ, ಇನ್ನೊಂದರಲ್ಲಿ ಸರ್ಕಾರವೇ ಮೈಮೇಲೆ ಎಳೆದುಕೊಂಡದ್ದು. ಆಗಿನ ಸಂಪಾದಕರು ಸುದ್ದಿ ಕೊಡುತ್ತಿದ್ದರಾ, ಪಕ್ಷ ಹಿಡಿಯುತ್ತಿದ್ದರಾ? ಮೈಸೂರಿಗೆ ಇದರ ಬಿಸಿ ತಟ್ಟಿತ್ತಾ?

ನೀಲಿಶಾಯಿ:
ಬಿಹಾರದ ಮುಜಫರ್‌ಪುರದ ಬಾಂಬ್ ತೆಗೆದುಕೊಳ್ಳಿ, 1908ರ ಏಪ್ರಿಲ್ 30. ಖುದಿರಾಮ್ ಬೋಸ್ ಮತ್ತು ಪ್ರಫುಲ್ಲ ಚಾಕಿ ಗುರಿಯಿಟ್ಟದ್ದು ಮ್ಯಾಜಿಸ್ಟ್ರೇಟ್ ಕಿಂಗ್ಸ್‌ಫರ್ಡ್‌ಗೆ. ಸತ್ತವರು ಬೇರೆ ಗಾಡಿಯಲ್ಲಿದ್ದ ತಾಯಿ, ಮಗಳು. ಈ ಕಿಂಗ್ಸ್‌ಫರ್ಡ್ ಯಾರು ಗೊತ್ತಾ? ಕಲ್ಕತ್ತೆಯಲ್ಲಿ ಪತ್ರಿಕೆಗಳ ಮೇಲಿನ ಮೊಕದ್ದಮೆ ನಡೆಸಿದವನು. 'ಯುಗಾಂತರ' ಪತ್ರಿಕೆಯ ಭೂಪೇಂದ್ರನಾಥ ದತ್ತರನ್ನು (ವಿವೇಕಾನಂದರ ತಮ್ಮ) 1907ರಲ್ಲಿ ಜೈಲಿಗೆ ಕಳಿಸಿದ್ದು ಅವನೇ. ಅಂದರೆ ಬಾಂಬ್ ಬೀಳುವ ಮೊದಲೇ ಪತ್ರಿಕೆ ಈ ಜಗಳದೊಳಗೆ ಇತ್ತು, ಹೊರಗೆ ನಿಂತು ವರದಿ ಮಾಡುವ ಜಾಗವೇ ಅದಕ್ಕೆ ಉಳಿದಿರಲಿಲ್ಲ.

ಅಲಹಾಬಾದಿನ 'ಪಯೋನಿಯರ್' ಥರದ ಬ್ರಿಟಿಷ್ ಪರ ಪತ್ರಿಕೆಗಳು ಕಠಿಣ ಕ್ರಮ ಬೇಕು ಎಂದು ಬರೆದವು. ಪುಣೆಯಿಂದ ಬರುತ್ತಿದ್ದ ತಿಲಕರ 'ಕೇಸರಿ' ಮೇ 12ರಂದು, ಇದು ದೇಶದ ದುರ್ದೈವ, ಆದರೆ ಜನ ಇಲ್ಲಿಯವರೆಗೆ ಬಂದದ್ದು ದಬ್ಬಾಳಿಕೆಯಿಂದ ಎಂದಿತು. ಜೂನ್ 8ಕ್ಕೆ ಸ್ಫೋಟಕಗಳ ಕಾಯ್ದೆ, ಅದರ ಜೊತೆಗೇ ಪತ್ರಿಕೆಗಳ ಕಾಯ್ದೆ. ಮಾರನೇ ದಿನವೇ 'ಕೇಸರಿ', ಇಂಥ ಉಪಾಯ ಬಾಳಿಕೆ ಬರುವುದಿಲ್ಲ ಎಂದು ಬರೆಯಿತು. ಜೂನ್ 24ಕ್ಕೆ ರಾಜದ್ರೋಹದ ಆರೋಪದಲ್ಲಿ ತಿಲಕರ ಬಂಧನ. ಕೋರ್ಟಿನಲ್ಲಿ ತಾವೇ ವಾದಿಸಿದರು: ನಾನು ಬರೆದದ್ದು ಬ್ರಿಟಿಷ್ ಪರ ಪತ್ರಿಕೆಗಳಿಗೆ ಉತ್ತರ, ಅವರಿಗಿರುವ ಹಕ್ಕು ನನಗೆ ಯಾಕಿಲ್ಲ? ಜ್ಯೂರಿಯಲ್ಲಿ 7 ಜನ ಐರೋಪ್ಯರು, 2 ಭಾರತೀಯರು. ತೀರ್ಪು 7–2. ಆರು ವರ್ಷ ಶಿಕ್ಷೆ, ಬರ್ಮಾದ ಮಂಡಾಲೆ ಜೈಲು. ಮುಂಬೈ ಗಿರಣಿ ಕಾರ್ಮಿಕರು ವರ್ಷಕ್ಕೊಂದು ದಿನ ಅನ್ನುವ ಲೆಕ್ಕದಲ್ಲಿ ಆರು ದಿನ ಕೆಲಸ ನಿಲ್ಲಿಸಿದರು.

ತುಂಗೆದಡ:
ಚೆನ್ನಾಗಿ ಬರೆದಿದ್ದೀರಿ, ಆದರೆ 'ಕೇಸರಿ'ಯನ್ನು ಜಾಸ್ತಿ ಮುಗ್ಧ ಮಾಡಬೇಡಿ ಸಾರ್. ಬಾಂಬ್ ಹಾಕಿದ್ದು ತಪ್ಪು ಎಂದು ಒಂದು ಸಾಲು ಬರೆದು, ಉಳಿದ ಇಡೀ ಲೇಖನದಲ್ಲಿ ಹಾಕಿದವರ ಮನಸ್ಸನ್ನು ಅರ್ಥ ಮಾಡಿಸುವುದು ಕೂಡ ಪಕ್ಷ ಹಿಡಿದಂತೆಯೇ ಅಲ್ವಾ? ಹಾಗಂತ ಲಂಡನ್ನಿನವರು ತಟಸ್ಥರೇನೂ ಅಲ್ಲ. 'ದ ಟೈಮ್ಸ್'ನಲ್ಲಿ ವ್ಯಾಲೆಂಟೈನ್ ಚಿರೋಲ್ 1910ರಲ್ಲಿ ಸರಣಿ ಲೇಖನ ಬರೆದ. ದೇಶದ ಅಶಾಂತಿಗೆಲ್ಲ ಪುಣೆಯ ಬ್ರಾಹ್ಮಣರು, ಅದರಲ್ಲೂ ತಿಲಕರು ಮೂಲ ಎಂದ. ಹೀಗೆ ಬರೆದರೆ ಆಳುವವರು ಏನು ಮಾಡಿದರು ಎಂದು ಯಾರೂ ಕೇಳಬೇಕಿಲ್ಲ, ಒಬ್ಬ ಖಳನಾಯಕ ಸಿಕ್ಕ, ಕಥೆ ಮುಗಿಯಿತು. ತಿಲಕರು ಮಾನನಷ್ಟ ಮೊಕದ್ದಮೆ ಹಾಕಿ 1919ರಲ್ಲಿ ಸೋತರು.

ಅಗ್ರಹಾರ_ಬೀದಿ:
ಮೈಸೂರಿನ ಪ್ರಶ್ನೆಗೆ. ಬಿಸಿ ಚೆನ್ನಾಗಿಯೇ ತಟ್ಟಿತ್ತು. ಇಲ್ಲಿ ಬಾಂಬೂ ಇಲ್ಲ, ಏನೂ ಇಲ್ಲ, ಆದರೂ 1908ರಲ್ಲೇ ಪತ್ರಿಕಾ ಕಾನೂನು ಬಂತು. ಆಗ ದಿವಾನರು ವಿ.ಪಿ. ಮಾಧವರಾಯರು. ಸರ್ಕಾರದ ಅನುಮತಿ ಇಲ್ಲದೆ ಪತ್ರಿಕೆ ನಡೆಸುವ ಹಾಗಿಲ್ಲ, ಕೊಟ್ಟ ಅನುಮತಿಯನ್ನು ವಾಪಸ್ ಪಡೆಯಲೂಬಹುದು. ತಾತಯ್ಯ, ಅಂದರೆ ಎಂ. ವೆಂಕಟಕೃಷ್ಣಯ್ಯನವರು, ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಇಲ್ಲಿನ ತಕರಾರು ಬ್ರಿಟಿಷರ ಜೊತೆ ನೇರವಾಗಿ ಅಲ್ಲ, ದಿವಾನರ ಆಡಳಿತದ ಜೊತೆ. ಮಹಾರಾಜರ ಮೇಲೆ ಗೌರವ ಇಟ್ಟುಕೊಂಡೇ ಅಧಿಕಾರಿಗಳನ್ನು ಬೈಯುವ ಒಂದು ನಾಜೂಕಿನ ಬರವಣಿಗೆ ಇತ್ತು, ಪುಣೆಯ ಧಾಟಿಯೇ ಬೇರೆ.

ಹಳೇಪುಟ:
ಧನ್ಯವಾದ ಎಲ್ಲರಿಗೂ. ಮೂಲ ಪತ್ರಿಕೆ ಸಿಗದಿದ್ದರೆ ಏನು ಓದಲಿ?

ನೀಲಿಶಾಯಿ:
ದೇಶಭಾಷೆಯ ಪತ್ರಿಕೆಗಳಲ್ಲಿ ಬಂದದ್ದನ್ನು ಪ್ರಾಂತ್ಯ ಸರ್ಕಾರಗಳು ಇಂಗ್ಲಿಷಿನಲ್ಲಿ ಸಂಗ್ರಹಿಸಿ ವರದಿ ಮಾಡಿಸುತ್ತಿದ್ದವು. ಅದನ್ನು ನೋಡಿ, ತುಂಬಾ ಉಪಯೋಗ. ಆದರೆ ಅದು ಸರ್ಕಾರಕ್ಕೆ ಅನುಮಾನ ಬಂದ ಸಾಲುಗಳನ್ನೇ ಹುಡುಕಿ ತೆಗೆದ ಸಂಗ್ರಹ. ಅದೇ ಪುಟದಲ್ಲಿ ಮಳೆ ಸುದ್ದಿ, ಪ್ಲೇಗ್ ಸುದ್ದಿ, ಜಾಹೀರಾತು ಏನಿತ್ತು ಎನ್ನುವುದು ಅದರಲ್ಲಿ ಸಿಗುವುದಿಲ್ಲ.