ಸ್ಕೂಲ್ ತಿರುವಿನ ಅಂಗಡೀಲಿ ಬಿಡಿ ಸಿಗರೇಟ್, ಭಾನುವಾರ ಯಾರ್ಯಾರು ಬರ್ತೀರಾ?

ಮನೆ 14: ಎಲ್ರಿಗೂ ನಮಸ್ಕಾರ. ಇವತ್ತು ಮಗಳನ್ನ ಕರ್ಕೊಂಡು ಬರೋಕೆ ಹೋಗಿದ್ದೆ, ತಿರುವಿನ ಗೂಡಂಗಡೀಲಿ ಯೂನಿಫಾರ್ಮ್ ಹಾಕಿದ್ದ ಹುಡುಗ್ರಿಬ್ರು ಚಿಲ್ಲರೆ ಸೇರ್ಸಿ ಒಂದೇ ಒಂದು ಸಿಗರೇಟ್ ತಗೊಂಡ್ರು, ಕಡ್ಲೆಮಿಠಾಯಿ ಡಬ್ಬಿ ಮೇಲೇ ಪ್ಯಾಕ್ ಬಿಚ್ಚಿಟ್ಟಿದ್ದಾರೆ, ಲೈಟರ್‌ಗೆ ದಾರ ಕಟ್ಟಿ ನೇತಾಕಿದ್ದಾರೆ, ಅದೂ ಮಕ್ಕಳ ಕೈಗೆ ಎಟಕೋ ಹಾಗೆ. ಇದಕ್ಕೇನೋ ಹೊಸ ಕಾನೂನು ಬಂತಲ್ವಾ?

ಮನೆ 22: ಬಂದಿದೆ ಮೇಡಂ. 2024 ಫೆಬ್ರವರೀಲಿ ವಿಧಾನಸಭೆ ಪಾಸ್ ಮಾಡ್ತು, ಕೇಂದ್ರದ 2003ರ ತಂಬಾಕು ಕಾಯ್ದೆಗೆ ನಮ್ ರಾಜ್ಯದ ತಿದ್ದುಪಡಿ ಅಲ್ವಾ, ರಾಷ್ಟ್ರಪತಿ ಅಂಕಿತ ಬೇಕಿತ್ತು, ಅದು ಸಿಕ್ಕಿ 2025ರ ಮೇ ಕೊನೇಲಿ ಜಾರಿ ಆಯ್ತು. 21 ತುಂಬದೋರಿಗೆ ಮಾರಂಗಿಲ್ಲ (ಮುಂಚೆ 18 ಇತ್ತು), ಸ್ಕೂಲಿಂದ 100 ಮೀಟರ್ ಒಳಗೆ ಮಾರಂಗಿಲ್ಲ, ಬಿಡಿ ಮಾರಾಟಾನೂ ಬಂದ್.

ಮನೆ 31: ಬೀಡಿನೂ ಬ್ಯಾನಾ ಸಾರ್?

ಮನೆ 22: ಬೀಡಿ ಅಲ್ಲಮ್ಮ, ಬಿಡಿ, ಲೂಸ್ 😀 ಹುಕ್ಕಾ ಬಾರ್‌ಗಾದ್ರೆ 1ರಿಂದ 3 ವರ್ಷ ಜೈಲೇ ಇದೆ, ನಮ್ ಕಡೆ ಅದಿಲ್ಲ ಬಿಡಿ.

ಮನೆ 7: ಟ್ಯಾಕ್ಸ್ ಏರ್ಸಿದಷ್ಟೂ ಪ್ಯಾಕ್ ತಗೊಳೋರು ಕಮ್ಮಿ, ಒಂದೊಂದೇ ತಗೋತಾರೆ. ಪ್ಯಾಕ್‌ನ ಶೇ 85 ಭಾಗ ಆ ಕ್ಯಾನ್ಸರ್ ಚಿತ್ರ, ಎಚ್ಚರಿಕೆ ಹಾಕ್ಸಿ ಏನ್ ಬಂತು, ಬಿಡಿ ತಗೊಳೋ ಹುಡುಗನ ಕಣ್ಣಿಗೆ ಅದು ಬೀಳೋದೇ ಇಲ್ಲ.

ಮನೆ 31: ದಯವಿಟ್ಟು ಅಂಗಡಿ ಎತ್ತಿಸ್ಬೇಡಿ. ಲಾಕ್‌ಡೌನಲ್ಲಿ ಆ ಅಜ್ಜ ಹಾಲು ಬಾಗಿಲಿಗೇ ತಂದ್ಕೊಟ್ಟಿದ್ರು.

ಮನೆ 14: ಎತ್ತಿಸಿ ಅಂತ ಯಾರಂದ್ರು ಅಕ್ಕ? ಮಿಠಾಯಿ, ಹಾಲು, ಬ್ರೆಡ್ ಮಾರ್ಲಿ ನಾವೇ ತಗೋತೀವಿ. ಮೊದ್ಲು ಹೋಗಿ ಮಾತಾಡೋಣ, ಕೇಳ್ಳಿಲ್ಲಾಂದ್ರೆ ಸ್ಟೇಷನ್‌ಗೆ ಅರ್ಜಿ, ಸ್ಕೂಲಿಂದಾನೂ ಒಂದು ಸೈನ್ ಹಾಕ್ಸೋಣ.

ಮನೆ 22: ನಮ್ದು 100 ಮೀಟರ್ ಆಚೆ ಅಂತಾರೆ ನೋಡಿ. ಗೇಟಿಂದಲ್ಲ, ಕಾಂಪೌಂಡ್ ಗೋಡೆಯಿಂದ ಅಳೀಬೇಕು, ಯಾರ ಹತ್ರಾದ್ರೂ ಉದ್ದ ಟೇಪ್ ಇದ್ಯಾ?

ಮನೆ 5: ಅಂದಹಾಗೆ ಸಾರ್ವಜನಿಕ ಜಾಗದಲ್ಲಿ ಸೇದಿದ್ರೆ ದಂಡ 200 ಇದ್ದಿದ್ದು ಈಗ 1000. ದಿನಾ ಬೆಳಗ್ಗೆ ಅದೇ ಅಂಗಡೀಲಿ ಒಂದು ತಗೊಂಡು ಅಲ್ಲೇ ಹಚ್ಚೋರು ಈ ಗ್ರೂಪಲ್ಲೂ ಇದ್ದಾರೆ, ಹೆಸ್ರು ಹೇಳಲ್ಲ.

ಮನೆ 9: ನಾನೇ ಸ್ವಾಮಿ. ಅಜ್ಜನ ಹತ್ರ ನಾನೇ ಮಾತಾಡ್ತೀನಿ, ನನ್ನ ಮಾತಾದ್ರೆ ಕೇಳ್ತಾರೆ. ಟೇಪೂ ಇದೆ, 30 ಮೀಟರ್‌ದು, ಭಾನುವಾರ 7 ಗಂಟೆಗೆ ತರ್ತೀನಿ, ಇನ್ನೊಂದ್ ತುದಿ ಹಿಡ್ಕೊಳ್ಳೋಕೆ ಒಬ್ರು ಬನ್ನಿ.